ಹವ್ಯಾಸಿ ಕ್ರೀಡಾ ಸಂಘಗಳಿಗೆ ಅಪಘಾತ ವಿಮೆ ಮತ್ತು ಹೊಣೆಗಾರಿಕೆ ವಿಮೆ

ರಾಜ್ಯದ ಗ್ರಾಮ ಮತ್ತು ಬಡಾವಣೆಗಳಲ್ಲಿರುವ ಯುವಕ ಸಂಘ, ಕ್ರಿಕೆಟ್ ಕ್ಲಬ್, ಕಬಡ್ಡಿ ತಂಡ ಹಾಗೂ ಗರಡಿಮನೆಗಳು ಬಹುತೇಕ ಸದಸ್ಯರ ವಂತಿಗೆ ಮತ್ತು ದಾನಿಗಳ ನೆರವಿನಿಂದಲೇ ನಡೆಯುತ್ತವೆ. ಇವುಗಳಲ್ಲಿ ಆಡುವವರು ಸಂಬಳ ಪಡೆಯುವ ಆಟಗಾರರಲ್ಲ; ಹಗಲು ಕೂಲಿ, ವ್ಯವಸಾಯ ಅಥವಾ ನೌಕರಿ ಮಾಡಿ ಸಂಜೆ ಮೈದಾನಕ್ಕೆ ಬರುವವರು. ಆಟದಲ್ಲಿ ಕಾಲು ಮುರಿದಲ್ಲಿ ಚಿಕಿತ್ಸೆಯ ವೆಚ್ಚದೊಂದಿಗೆ ದುಡಿಮೆಯ ನಷ್ಟವೂ ಕುಟುಂಬದ ಮೇಲೆ ಬೀಳುತ್ತದೆ. ಪಂದ್ಯ ನೋಡಲು ಬಂದವರಿಗೆ ಅಪಾಯ ಸಂಭವಿಸಿದಲ್ಲಿ ಪರಿಹಾರದ ಪ್ರಶ್ನೆ ಸಂಘದ ಪದಾಧಿಕಾರಿಗಳತ್ತ ತಿರುಗುತ್ತದೆ. ಮೊದಲನೆಯದಕ್ಕೆ ಅಪಘಾತ ವಿಮೆ, ಎರಡನೆಯದಕ್ಕೆ ಹೊಣೆಗಾರಿಕೆ ವಿಮೆ. ಒಂದು ಪಾಲಿಸಿ ಪಡೆದರೆ ಎರಡಕ್ಕೂ ರಕ್ಷಣೆ ದೊರೆಯಿತೆಂಬ ಭಾವನೆ ವ್ಯಾಪಕವಾಗಿದ್ದು, ಅದು ಸರಿಯಲ್ಲ.

ಆಟಗಾರರ ಅಪಘಾತ ವಿಮೆ

ಸಂಘವು ತನ್ನ ಆಟಗಾರರೆಲ್ಲರ ಹೆಸರಿನ ಪಟ್ಟಿ ನೀಡಿ ಸಾಮಾನ್ಯ ವಿಮಾ ಕಂಪನಿಯಿಂದ ಪಡೆಯುವ ಪಾಲಿಸಿಗೆ ಗುಂಪು ವೈಯಕ್ತಿಕ ಅಪಘಾತ ವಿಮೆ ಎಂದು ಹೆಸರು. ಇದರಲ್ಲಿ ಮರಣ, ಶಾಶ್ವತ ಸಂಪೂರ್ಣ ಅಂಗವೈಕಲ್ಯ ಮತ್ತು ಶಾಶ್ವತ ಭಾಗಶಃ ಅಂಗವೈಕಲ್ಯಗಳಿಗೆ ಮೊದಲೇ ಗೊತ್ತುಪಡಿಸಿದ ಮೊತ್ತ ದೊರೆಯುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಮೂಲ ರೂಪದಲ್ಲಿ ಇದು ಆಸ್ಪತ್ರೆಯ ಬಿಲ್ಲು ತುಂಬುವ ವಿಮೆಯಲ್ಲ. ಕಬಡ್ಡಿಯಲ್ಲಿ ಅತಿ ಸಾಮಾನ್ಯವಾದ ಗಾಯ ಮೊಣಕಾಲಿನ ಲಿಗಮೆಂಟ್ ಹರಿಯುವುದು. ಅದು ಮರಣವಲ್ಲ, ಶಸ್ತ್ರಚಿಕಿತ್ಸೆಯಾಗಿ ಗುಣವಾದರೆ ಶಾಶ್ವತ ಅಂಗವೈಕಲ್ಯವೂ ಅಲ್ಲ. ಆದುದರಿಂದ ಅಂತಹ ಆಟಗಾರನು ಆರು ತಿಂಗಳು ಮನೆಯಲ್ಲಿ ಕುಳಿತರೂ ಮೂಲ ಪಾಲಿಸಿಯಿಂದ ಏನೂ ದೊರೆಯದಿರುವ ಸಾಧ್ಯತೆ ಹೆಚ್ಚು. ತಾತ್ಕಾಲಿಕ ಅಶಕ್ತತೆಗೆ ವಾರದ ಭತ್ಯೆ ಮತ್ತು ಅಪಘಾತದ ಚಿಕಿತ್ಸಾ ವೆಚ್ಚ, ಈ ಎರಡು ಹೆಚ್ಚುವರಿ ಸೌಲಭ್ಯಗಳನ್ನು ಸಂಘವು ಕೇಳಿ ಸೇರಿಸಿಕೊಂಡಿರಬೇಕು.

ಹೆಚ್ಚುವರಿ ಸೌಲಭ್ಯದ ಪ್ರಮಾಣವನ್ನೂ ಲೆಕ್ಕ ಹಾಕಿ ನೋಡುವುದು ಅಗತ್ಯ. ವಿಮಾ ನಿಯಂತ್ರಣ ಪ್ರಾಧಿಕಾರದ ನಿರ್ದೇಶನದಂತೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಸರಳ್ ಸುರಕ್ಷಾ ಬಿಮಾ’ ಎಂಬ ವೈಯಕ್ತಿಕ ಪಾಲಿಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಐಚ್ಛಿಕ ಸೌಲಭ್ಯದಲ್ಲಿ ವಾರಕ್ಕೆ ವಿಮಾ ಮೊತ್ತದ ಶೇಕಡ 0.2ರಂತೆ ಗರಿಷ್ಠ 100 ವಾರಗಳವರೆಗೆ ಭತ್ಯೆಯೂ, ಆಸ್ಪತ್ರೆ ವೆಚ್ಚಕ್ಕೆ ವಿಮಾ ಮೊತ್ತದ ಶೇಕಡ 10ರವರೆಗೆ ಮರುಪಾವತಿಯೂ ಇದೆ. 5 ಲಕ್ಷ ರೂಪಾಯಿ ವಿಮೆ ಇರುವ ಆಟಗಾರನಿಗೆ ವಾರಕ್ಕೆ 1,000 ರೂಪಾಯಿ ಮತ್ತು ಆಸ್ಪತ್ರೆಗೆ ಗರಿಷ್ಠ 50,000 ರೂಪಾಯಿ ಎಂದಾಯಿತು. ದಿನಗೂಲಿಯವನಿಗೆ ಇದು ಪೂರ್ಣ ಪರಿಹಾರವಾಗದಿದ್ದರೂ ಏನೂ ಇಲ್ಲದಿರುವುದಕ್ಕಿಂತ ಮೇಲು.

ಅಪಘಾತವೆಂದರೆ ಹೊರಗಿನ ಕಾರಣದಿಂದ, ಹಠಾತ್ತನೆ, ಕಣ್ಣಿಗೆ ಕಾಣುವಂತೆ ಉಂಟಾದ ಘಟನೆ ಎಂಬುದು ಪಾಲಿಸಿಗಳಲ್ಲಿರುವ ಸಾಮಾನ್ಯ ವ್ಯಾಖ್ಯೆ. ಓಡುತ್ತಿದ್ದಾಗ ಹೃದಯಾಘಾತವಾಗಿ ಮೈದಾನದಲ್ಲೇ ಕುಸಿದ ಆಟಗಾರನ ಪ್ರಕರಣವು ಸಾಮಾನ್ಯವಾಗಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಡುವಯಸ್ಸಿನ ಆಟಗಾರರಿರುವ ಸಂಘಗಳು ಇದನ್ನು ಅವಶ್ಯ ತಿಳಿದಿರಬೇಕು.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯು 2015ರಲ್ಲಿ ಪ್ರಾರಂಭವಾಗಿದ್ದು, 2022ರ ಜೂನ್‌ನಿಂದ ಇದರ ವಾರ್ಷಿಕ ಕಂತು 20 ರೂಪಾಯಿ. ಅಪಘಾತ ಮರಣಕ್ಕೆ 2 ಲಕ್ಷ ಮತ್ತು ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಪ್ರತಿ ಆಟಗಾರನೂ ತನ್ನ ಬ್ಯಾಂಕ್ ಖಾತೆಯ ಮೂಲಕ ಇದನ್ನು ಹೊಂದಿರುವುದು ಸೂಕ್ತ. ಆದರೆ ಇದರಲ್ಲಿ ಚಿಕಿತ್ಸಾ ವೆಚ್ಚ ಸೇರಿಲ್ಲ ಮತ್ತು ವಯೋಮಿತಿ 18ರಿಂದ 70 ವರ್ಷ. ಶಾಲಾ ವಯಸ್ಸಿನ ಆಟಗಾರರನ್ನು ಸಂಘದ ಗುಂಪು ವಿಮೆಯಲ್ಲಿ ಹೆಸರಿಸಿ ಸೇರಿಸುವುದೇ ದಾರಿ.

ಕುಟುಂಬದ ಆರೋಗ್ಯ ವಿಮೆ ಆಟದ ಗಾಯಕ್ಕೆ ಅನ್ವಯಿಸುವುದಿಲ್ಲವೆಂಬ ತಿಳಿವಳಿಕೆಯೂ ಇದೆ. ಆರೋಗ್ಯ ವಿಮೆಯ ಪ್ರಮಾಣಿತ ಹೊರತುಪಡಿಕೆಯು ಅಪಾಯಕಾರಿ ಅಥವಾ ಸಾಹಸ ಕ್ರೀಡೆಗಳಲ್ಲಿ ‘ವೃತ್ತಿಪರನಾಗಿ’ ಭಾಗವಹಿಸುವುದಕ್ಕೆ ಸಂಬಂಧಿಸಿದೆ. ಭಾನುವಾರ ವಾಲಿಬಾಲ್ ಆಡುವ ಶಿಕ್ಷಕನು ಅದರಲ್ಲಿ ಬರುವುದಿಲ್ಲ.

ಮೂರನೆಯ ವ್ಯಕ್ತಿಗಳಿಗೆ ಸಂಬಂಧಿಸಿದ ಹೊಣೆಗಾರಿಕೆ

ಹೊನಲು ಬೆಳಕಿನ ಪಂದ್ಯಾಟವೆಂದರೆ ಬಾಡಿಗೆಯ ಗ್ಯಾಲರಿ, ಜನರೇಟರ್, ನೆಲದ ಮೇಲೆ ಹರಡಿದ ವಿದ್ಯುತ್ ತಂತಿ ಮತ್ತು ನಿರೀಕ್ಷೆಗಿಂತ ಹೆಚ್ಚು ಜನ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಕಿರಿಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಯ ಗ್ಯಾಲರಿ ಕುಸಿಯಿತು. ಮರುವರ್ಷ ಅದೇ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಸ್ಥಳೀಯ ಫುಟ್‌ಬಾಲ್ ಪಂದ್ಯದ ತಾತ್ಕಾಲಿಕ ಗ್ಯಾಲರಿಯೂ ಕುಸಿಯಿತು. ಎರಡೂ ಕಡೆ ಬಹುಸಂಖ್ಯೆಯ ಪ್ರೇಕ್ಷಕರು ಗಾಯಗೊಂಡರು. ಇಂತಹ ಸಂದರ್ಭದಲ್ಲಿ ಆಟಗಾರರ ಅಪಘಾತ ವಿಮೆಯಿಂದ ಪ್ರೇಕ್ಷಕರಿಗೆ ಒಂದು ರೂಪಾಯಿಯೂ ಸಲ್ಲುವುದಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಸಂಘವು ಹೊಣೆಯಾಗುವುದು ನಿರ್ಲಕ್ಷ್ಯ ಸಾಬೀತಾದಾಗ. ಇದಕ್ಕೆ ಇಂಗ್ಲೆಂಡಿನ ಎರಡು ತೀರ್ಪುಗಳನ್ನು ಉದಾಹರಿಸುವುದುಂಟು. ಮ್ಯಾಂಚೆಸ್ಟರ್‌ನಲ್ಲಿ ಕ್ರಿಕೆಟ್ ಚೆಂಡು ಬೇಲಿ ದಾಟಿ ರಸ್ತೆಯಲ್ಲಿದ್ದ ಮಹಿಳೆಗೆ ಬಡಿದಿತ್ತು. ಸುಮಾರು 30 ವರ್ಷಗಳಲ್ಲಿ ಆರು ಬಾರಿ ಮಾತ್ರ ಚೆಂಡು ಹಾಗೆ ಹೊರಗೆ ಹೋಗಿದ್ದುದರಿಂದ 1951ರಲ್ಲಿ ಕ್ಲಬ್ ಹೊಣೆಯಲ್ಲವೆಂದು ತೀರ್ಮಾನವಾಯಿತು. 1977ರ ಪ್ರಕರಣದಲ್ಲಿ ಮೈದಾನದ ಪಕ್ಕದ ಮನೆಗೆ ಚೆಂಡು ಮತ್ತೆ ಮತ್ತೆ ಬೀಳುತ್ತಿದ್ದುದರಿಂದ ಕ್ಲಬ್ ನಿರ್ಲಕ್ಷ್ಯಕ್ಕೆ ಹೊಣೆಯಾಯಿತು. ಅಪಾಯ ಗೊತ್ತಿದ್ದೂ ಬಲೆ ಕಟ್ಟದ ಸಂಘದ ಸ್ಥಿತಿ ಎರಡನೆಯದಕ್ಕೆ ಹತ್ತಿರ.

ಆಟದ ಸಹಜ ಅಪಾಯವನ್ನು ಆಟಗಾರನು ಒಪ್ಪಿಕೊಂಡೇ ಆಡುತ್ತಾನೆಂಬುದು ನಿಜ. ಆದರೆ ಹರಿದ ಮ್ಯಾಟ್, ಮೈದಾನದಂಚಿನ ಮುಚ್ಚದ ಗುಂಡಿ ಇವು ಆಟದ ಸಹಜ ಅಪಾಯಗಳಲ್ಲ. ‘ಏನಾದರೂ ಆದರೆ ಸಂಘ ಜವಾಬ್ದಾರಿಯಲ್ಲ’ ಎಂದು ಬರೆಸಿಕೊಳ್ಳುವ ಪತ್ರದಿಂದ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. 18 ವರ್ಷ ತುಂಬದವರು ಭಾರತೀಯ ಕರಾರು ಅಧಿನಿಯಮ, 1872ರ ಮೇರೆಗೆ ಕರಾರು ಮಾಡಿಕೊಳ್ಳಲು ಅರ್ಹರೇ ಅಲ್ಲದಿರುವುದರಿಂದ ಅವರಿಂದ ಪಡೆದ ಸಹಿಗೆ ಬೆಲೆಯಿಲ್ಲ.

ಈ ಹೊಣೆಗಾಗಿ ಪಡೆಯಬೇಕಾದುದು ಸಾರ್ವಜನಿಕ ಹೊಣೆಗಾರಿಕೆ ವಿಮೆ. ಇದೇ ಹೆಸರಿನ 1991ರ ಅಧಿನಿಯಮವು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ವಿಮೆ ಕಡ್ಡಾಯಗೊಳಿಸುತ್ತದೆ. ಕ್ರೀಡಾ ಸಂಘಗಳಿಗೆ ಅದು ಸಂಬಂಧಿಸಿದ್ದಲ್ಲ. ಸಂಘಗಳು ಕೈಗಾರಿಕೇತರ ಪಾಲಿಸಿಯನ್ನು ಅಥವಾ ಒಂದೇ ಪಂದ್ಯಾಟದ ಮಟ್ಟಿಗಿನ ಪಾಲಿಸಿಯನ್ನು ಕೇಳಬೇಕು. ತಾತ್ಕಾಲಿಕ ಗ್ಯಾಲರಿ ಮತ್ತು ಶಾಮಿಯಾನ ಇದರಲ್ಲಿ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಸಂಬಳದ ಮೈದಾನ ಕೆಲಸಗಾರರಿಗೆ ಪ್ರತ್ಯೇಕ ನೌಕರ ಪರಿಹಾರ ವಿಮೆ ಬೇಕಾಗುತ್ತದೆ.

ಅರ್ಜಿ ಮತ್ತು ಕ್ಲೇಮು

ನೋಂದಣಿಯಾಗದ ತಂಡಕ್ಕೆ ಕಾನೂನಿನಲ್ಲಿ ತನ್ನದೇ ಅಸ್ತಿತ್ವವಿಲ್ಲ. ಪಂದ್ಯಾಟ ನಡೆಸಿದ ವ್ಯಕ್ತಿಗಳ ಮೇಲೆಯೇ ದಾವೆ ಬರಬಹುದಾಗಿದ್ದು, ಅವರ ಸ್ವಂತ ಆಸ್ತಿಗೂ ಅಪಾಯವುಂಟು. ಏಳು ಅಥವಾ ಹೆಚ್ಚು ಸದಸ್ಯರು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ಸಂಘವನ್ನು ನೋಂದಾಯಿಸಿ, ಸಂಘದ ಹೆಸರಿನಲ್ಲಿಯೇ ಪಾಲಿಸಿ ಪಡೆಯುವುದು ಕ್ಷೇಮ.

ವಿಮಾ ಅಧಿನಿಯಮ, 1938ರ 64ವಿಬಿ ಪ್ರಕರಣದ ಮೇರೆಗೆ ಕಂತು ಸಂದಾಯವಾಗುವ ಮುನ್ನ ವಿಮಾ ಕಂಪನಿ ಹೊಣೆ ಹೊರುವುದಿಲ್ಲ. ಪಂದ್ಯಾಟದ ಬೆಳಿಗ್ಗೆ ಅರ್ಜಿ ತುಂಬಿ ‘ಹಣ ನಾಳೆ’ ಎಂದರೆ ಆ ದಿನ ವಿಮೆ ಇಲ್ಲವೆಂದೇ ಅರ್ಥ. ಪಟ್ಟಿಯಲ್ಲಿ ಹೆಸರಿಲ್ಲದೆ ಕೊನೆಯ ಗಳಿಗೆಯಲ್ಲಿ ತಂಡ ಸೇರಿದ ಆಟಗಾರನಿಗೂ ರಕ್ಷಣೆ ಇರುವುದಿಲ್ಲ.

ಗಾಯವಾದ ಕೂಡಲೇ ಕಂಪನಿಗೆ ಲಿಖಿತ ಮಾಹಿತಿ ನೀಡಿ, ಆ ದಿನದ ಸ್ಕೋರ್ ಪಟ್ಟಿ, ವೈದ್ಯರ ಗಾಯದ ಪ್ರಮಾಣಪತ್ರ ಮತ್ತು ಮೂಲ ಬಿಲ್ಲುಗಳನ್ನು ಕಾಯ್ದಿರಿಸಬೇಕು. ಪ್ರೇಕ್ಷಕರು ಗಾಯಗೊಂಡ ಪ್ರಕರಣದಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಗೆಯನ್ನಾಗಲಿ, ಪರಿಹಾರದ ಭರವಸೆಯನ್ನಾಗಲಿ ಬರೆದುಕೊಡಬಾರದು. ಪ್ರಥಮ ಚಿಕಿತ್ಸೆ ಮತ್ತು ಆಸ್ಪತ್ರೆಗೆ ಸಾಗಿಸುವ ಕೆಲಸಕ್ಕೆ ಇದು ಅಡ್ಡಿಯಲ್ಲ.

ಕ್ಲೇಮು ತಿರಸ್ಕೃತವಾದಲ್ಲಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯತಕ್ಕದ್ದು. ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 155255. ಒಂದು ತಿಂಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದಲ್ಲಿ ಆಟಗಾರ ಅಥವಾ ವಾರಸುದಾರರು ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.