ತೋಟದ ಪಾಲು, ಪ್ರಸಂಗಪೀಠದ ಪಾಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮನೆಯ ಸ್ಥಿತಿಗತಿ ತಿಳಿಯಬೇಕಾದರೆ ಎಷ್ಟು ಮರ ಎಂದು ಕೇಳುತ್ತಾರೆ, ಅಟ್ಟದ ಮೇಲೆ ಕೊಬ್ಬರಿ ಎಷ್ಟಿದೆ ಎಂದು ಕೇಳುತ್ತಾರೆ. ಆ ಮರಗಳನ್ನು ಎಣಿಸಿ ಪಾಲು ಮಾಡುವ ದಿನ ಮಗಳಿಗೆ ಎಷ್ಟು? ಈ ಸೀಮೆಯ ಕ್ರೈಸ್ತ ಕುಟುಂಬಗಳು ಕೆಲವೇ. ಆದರೆ ಅವರ ಮಟ್ಟಿಗೆ ಕಾನೂನು ಸ್ಪಷ್ಟ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದರಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಪಕ್ಕದ ತೋಟದ ಹಿಂದೂ ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಕೇರಳದ ಕ್ರೈಸ್ತ ಮಹಿಳೆ ಮೇರಿ ರಾಯ್ 1925ರ ಕಾಯ್ದೆಯ ಸಮಪಾಲಿಗಾಗಿಯೇ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು.

ಹೊಲದಲ್ಲಿ ಸಿಕ್ಕ ಸಮಪಾಲು ಚರ್ಚಿನಲ್ಲಿ ಸಿಕ್ಕಿತೇ? ಪಕ್ಕದ ಗುಬ್ಬಿಗೆ ವೆಸ್ಲಿಯನ್ ಮಿಷನರಿಗಳು ಬಂದದ್ದು 1830ರ ದಶಕದ ಕೊನೆಗೆ. ಅವರ ಪರಂಪರೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, ಸೇರಿಹೋಯಿತು. ಆ ಸಭೆ 1976ರಲ್ಲಿ ಮೊದಲ ಬಾರಿಗೆ ಹೆಣ್ಣಿಗೆ ಗುರುದೀಕ್ಷೆ ಕೊಟ್ಟಿತು. ಇಂಗ್ಲೆಂಡಿನ ಚರ್ಚು ಅಷ್ಟಕ್ಕೆ ಬರಲು 1994ರವರೆಗೆ ಕಾಯಿತು. 2013ರಲ್ಲಿ ನಂದ್ಯಾಲದ ಪುಷ್ಪಲಲಿತಾ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು. ನಮ್ಮ ಕಡೆ ಸಭಾಪಾಲಕರಿಗೆ ಅಯ್ಯನವರು ಎನ್ನುವುದು ವಾಡಿಕೆ. ಅವರ ಹೆಂಡತಿ ಅಮ್ಮನವರು. ಅಮ್ಮನವರೇ ಸಭಾಪಾಲಕರಾದರೆ ಅವರ ಗಂಡನನ್ನು ಏನೆಂದು ಕರೆಯಬೇಕು? ಭಾಷೆ ಇನ್ನೂ ಅಷ್ಟು ದೂರ ಬಂದಿಲ್ಲ.

ಕಥೋಲಿಕರ ನಡಿಗೆ ಬೇರೆ. ಭಾರತದ ಬಿಷಪರು 2010ರಲ್ಲಿ ಲಿಂಗ ಸಮಾನತೆಯ ನೀತಿಯನ್ನೇ ಹೊರತಂದರು. ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವವರ ಸಾಲಿಗೆ ಹೆಂಗಸರೂ ಸೇರಬಹುದೆಂದು 2016ರಲ್ಲಿ ನಿಯಮ ಬದಲಾಯಿತು. ಯಾಜಕತ್ವದ ಬಾಗಿಲು ಮಾತ್ರ ಮುಚ್ಚಿಯೇ ಇದೆ. ಶಾಲೆ, ಆಸ್ಪತ್ರೆ ನಡೆಸುವ ಸಿಸ್ಟರುಗಳು ಬಲಿಪೂಜೆಗೆ ಇನ್ನೊಬ್ಬರನ್ನು ಕರೆಯಲೇಬೇಕು. ನನಗೆ ಇದು ಒಪ್ಪಿಗೆಯಾಗುವುದಿಲ್ಲ.

ಕಾನೂನೂ ಎಲ್ಲ ಕಡೆ ಉದಾರವಾಗಿರಲಿಲ್ಲ. ಕ್ರೈಸ್ತರ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿ ಮಾತ್ರ ಅದರ ಜೊತೆಗೆ ಕ್ರೌರ್ಯವನ್ನೋ, ಗಂಡ ಬಿಟ್ಟುಹೋದದ್ದನ್ನೋ ಸಾಬೀತುಮಾಡಬೇಕಿತ್ತು. ಅದು ಸರಿಯಾದದ್ದು 2001ರಲ್ಲಿ.

ಈಗ ಮತ್ತೆ ತೋಟಕ್ಕೆ. ಕಾಯ್ದೆಯ ಸಮಪಾಲು ಒಂದು ವಿಲ್ಲಿನಿಂದ, ಒಂದು ಹಕ್ಕು ಖುಲಾಸೆ ಪತ್ರದಿಂದ ಕೈಜಾರುತ್ತದೆ. ಮದುವೆಗೆ ಖರ್ಚು ಮಾಡಿದ್ದೇವಲ್ಲ, ಒಂದು ಸಹಿ ಹಾಕಮ್ಮ ಎನ್ನುವ ಮಾತಿಗೆ ಜಾತಿ, ಮತದ ಭೇದವಿಲ್ಲ. ಬೈಬಲಿನ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಐವರು ಅಕ್ಕತಂಗಿಯರು ಮೋಶೆಯ ಎದುರು ನಿಂತು ತಂದೆಯ ಭೂಮಿ ಕೇಳಿ ಪಡೆದರು. ಅವರಿಗೆ ಅಣ್ಣತಮ್ಮಂದಿರಿರಲಿಲ್ಲ, ನಿಜ. ಇದ್ದಿದ್ದರೆ ಏನಾಗುತ್ತಿತ್ತೋ!

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ವಧೂವರರ ಹೆಸರು ಓದುತ್ತಾರಲ್ಲ, ಸಭಾಪಾಲಕರೇ, ಗುರುಗಳೇ, ಅದರ ಜೊತೆಗೆ ಆ ಹುಡುಗಿಗೆ ತವರಿನ ತೋಟದಲ್ಲಿ ಕಾನೂನು ಕೊಟ್ಟಿರುವ ಪಾಲು ಎಷ್ಟೆಂಬುದನ್ನೂ ಕನ್ನಡದಲ್ಲಿ ಒಮ್ಮೆ ಓದಿಬಿಡಿ.