ಕುಂಡದ ಮೂಲಂಗಿ ಹುಳಿಯಾಗುವ ಬಗೆ

ಹಾಲು ಮೊಸರಾಗಲು ಹೆಪ್ಪು ಬೇಕು. ಮೂಲಂಗಿ ಹುಳಿಯಾಗಲು ಅದೂ ಬೇಡ, ಉಪ್ಪುನೀರು ಸಾಕು. ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ತರಕಾರಿಯ ಸಿಪ್ಪೆ, ಸೊಪ್ಪಿನ ಮೇಲೆ ಮೊದಲೇ ಇರುತ್ತವೆ. ಹಿತ್ತಲಲ್ಲೋ ತಾರಸಿಯಲ್ಲೋ ಕೈತೋಟ ಮಾಡಿದವರು ತರಕಾರಿಯ ಜೊತೆ ಇವನ್ನೂ ಬೆಳೆಸಿರುತ್ತಾರೆ.

ಹೊಸಬರಿಗೆ ಮೂಲಂಗಿಯೇ ಸಲೀಸು. ಒಂದಡಿ ಆಳದ ಕುಂಡ, ಸಡಿಲವಾದ ಮಣ್ಣು, ಕಳಿತ ಕಾಂಪೋಸ್ಟ್, ದಿನಕ್ಕೆ ಐದಾರು ತಾಸು ಬಿಸಿಲು ಇದ್ದರೆ ಸಾಮಾನ್ಯವಾಗಿ 40-50 ದಿನಗಳಲ್ಲಿ ಗಡ್ಡೆ ಕೀಳಬಹುದು. ತಡಮಾಡಿದರೆ ಒಳಗೆ ಬೆಂಡಾಗುತ್ತದೆ. ಸೊಪ್ಪು ಪಲ್ಯಕ್ಕಾಯಿತು, ಗಡ್ಡೆಯನ್ನು ಕಿತ್ತ ದಿನವೇ ಹುಳಿಗೆ ಹಾಕಿದರೆ ಗರಿಗರಿ ಉಳಿಯುತ್ತದೆ.

ಮಣ್ಣು ಹೋಗುವಂತೆ ಚೆನ್ನಾಗಿ ತೊಳೆಯಿರಿ, ಸಿಪ್ಪೆ ಹೆರೆಯಬೇಡಿ. ಬಿಲ್ಲೆಗಳಾಗಿ ಹೆಚ್ಚಿ ಗಾಜಿನ ಭರಣಿಗೆ ತುಂಬಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ, ಬಿಲ್ಲೆಗಳು ಮುಳುಗುವಷ್ಟು ಸುರಿಯಿರಿ. ತೇಲದಂತೆ ಮೇಲೊಂದು ಪುಟ್ಟ ಗಾಜಿನ ಬಟ್ಟಲಿಟ್ಟು ಮುಚ್ಚಳವನ್ನು ಸಡಿಲವಾಗಿ ಮುಚ್ಚಿ.

ಒಂದೆರಡು ದಿನದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ನೀರು ಮಬ್ಬಾಗುತ್ತದೆ. ಕೆಂಪು ಮೂಲಂಗಿಯಾದರೆ ಸಿಪ್ಪೆಯ ಬಣ್ಣವೆಲ್ಲ ಇಳಿದು ನೀರು ಗುಲಾಬಿಯಾಗುತ್ತದೆ. ಒಳಗೆ ನಡೆಯುವುದಿಷ್ಟು: ಕೊಳೆಸುವ ಹಲವು ಸೂಕ್ಷ್ಮಜೀವಿಗಳನ್ನು ಉಪ್ಪು ತಡೆಯುತ್ತದೆ. ಉಪ್ಪನ್ನು ತಾಳಿಕೊಳ್ಳುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಮೊದಲು ಹೆಚ್ಚಿ, ಸಕ್ಕರೆಯನ್ನು ಆಮ್ಲವಾಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಇದೇ ಕುಲ. ಹುಳಿ ಏರಿದಂತೆ ಅದು ಹಿಂದೆ ಸರಿದು, ಇನ್ನೂ ಹೆಚ್ಚು ಆಮ್ಲ ತಾಳುವ ಲ್ಯಾಕ್ಟೋಬ್ಯಾಸಿಲಸ್ ಬಳಗ ಮೇಲುಗೈ ಪಡೆಯುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿಳಿದರೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಲಾರದು. ನಾಲ್ಕೈದು ದಿನಕ್ಕೆ ಹದವಾದ ಹುಳಿ ಬಂದಾಗ ಫ್ರಿಜ್ಜಿನಲ್ಲಿಡಿ. ಸೆಕೆಯ ಕರಾವಳಿಯಲ್ಲಿ ಇನ್ನೂ ಬೇಗ ಆಗುತ್ತದೆ.

ಆರೋಗ್ಯಕ್ಕೇನು ಲಾಭ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 36 ಆರೋಗ್ಯವಂತ ವಯಸ್ಕರನ್ನು ಎರಡು ಗುಂಪು ಮಾಡಿ, 10 ವಾರ ಒಂದಕ್ಕೆ ನಾರಿನಂಶದ, ಇನ್ನೊಂದಕ್ಕೆ ಹುದುಗಿಸಿದ ಆಹಾರ ಹೆಚ್ಚಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುದುಗಿಸಿದ ಆಹಾರ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು. ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದಿದ್ದವು. ಅಧ್ಯಯನ ಚಿಕ್ಕದು. ಇದರಿಂದ ರೋಗವೇ ವಾಸಿಯಾಗುತ್ತದೆ ಎನ್ನಲಾಗದು.

ಹುದುಗಿದ್ದೆಲ್ಲ ಜೀವಂತ ಎನ್ನುವಂತೆಯೂ ಇಲ್ಲ. ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಈ ಬ್ಯಾಕ್ಟೀರಿಯಾಗಳು ಉಳಿಯವು. ಹುದುಗಿದ್ದರಿಂದ ಜೀರ್ಣಕ್ಕೆ ಹಗುರಾದ ಗುಣ ಮಾತ್ರ ಉಳಿಯುತ್ತದೆ. ವಿನೆಗರ್ ಸುರಿದು ದಿಢೀರನೆ ಮಾಡಿದ ಉಪ್ಪಿನಕಾಯಿ ಹುದುಗಿದ್ದೇ ಅಲ್ಲ. ಮನೆಯ ಮೊಸರು, ಮಜ್ಜಿಗೆ, ಕುದಿಸದ ಹುಳಿ ಮೂಲಂಗಿಯಂಥವುಗಳಲ್ಲಿ ಈ ಬ್ಯಾಕ್ಟೀರಿಯಾಗಳು ಜೀವಂತವಾಗಿ ಹೊಟ್ಟೆ ಸೇರುತ್ತವೆ.

ಉಪ್ಪಿನ ಲೆಕ್ಕ ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಊಟಕ್ಕೆ ನಾಲ್ಕೈದು ಬಿಲ್ಲೆ ಸಾಕು. ರಕ್ತದೊತ್ತಡ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳಿಯೇ ತಿನ್ನಿ. ಹಸಿರು, ಕಪ್ಪು ಬೂಷ್ಟು ಕಂಡರೆ ಅಥವಾ ಕೊಳೆತ ವಾಸನೆ ಬಂದರೆ ಮೇಲಿನದಷ್ಟನ್ನೇ ತೆಗೆದು ತಿನ್ನುವ ಉಳಿತಾಯ ಬೇಡ, ಭರಣಿ ಪೂರ್ತಿ ಚೆಲ್ಲಿಬಿಡಿ.