ಹೆಸರು ಕೇಳಿದರೆ ವಿಳಾಸ ಹೇಳುವವರು

ಮನೆಯ ಮೂಲೆಯಲ್ಲಿರುವ ರೂಟರ್ ಪೆಟ್ಟಿಗೆಯ ದೀಪಗಳೆಲ್ಲ ಎಂದಿನಂತೆ ಮಿನುಗುತ್ತಿರುತ್ತವೆ. ಕಂಪ್ಯೂಟರ್ ಕೂಡ ಜಾಲಕ್ಕೆ ಸೇರಿಕೊಂಡಿದ್ದೇನೆ ಎಂದೇ ತೋರಿಸುತ್ತದೆ. ಆದರೂ ಬ್ಯಾಂಕಿನ ಪುಟ ತೆರೆಯುವುದಿಲ್ಲ, ಪತ್ರಿಕೆಯ ಪುಟವೂ ತೆರೆಯುವುದಿಲ್ಲ. ‘ಸರ್ವರ್‌ನ ವಿಳಾಸ ಸಿಗಲಿಲ್ಲ’ ಎಂಬ ಅರ್ಥದ ಒಂದು ಸಾಲು ಪರದೆಯ ಮೇಲೆ ಬಂದು ನಿಲ್ಲುತ್ತದೆ. ‘ನೆಟ್ ಹೋಯಿತು’ ಎಂದು ಮನೆಮಂದಿ ತೀರ್ಮಾನಿಸುತ್ತಾರೆ. ವಾಸ್ತವವಾಗಿ ಎಷ್ಟೋ ಸಲ ನೆಟ್ ಹೋಗಿರುವುದೇ ಇಲ್ಲ. ರಸ್ತೆ ಸರಿಯಾಗಿಯೇ ಇರುತ್ತದೆ. ಹೋಗಬೇಕಾದ ಮನೆ ಎಲ್ಲಿದೆ ಎಂದು ಹೇಳುವವರು ಮಾತ್ರ ಸಿಕ್ಕಿರುವುದಿಲ್ಲ.

ಇಂಟರ್‌ನೆಟ್‌ನಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಹೆಸರುಗಳಿರುವುದು ಮನುಷ್ಯರ ಅನುಕೂಲಕ್ಕಾಗಿ. ಹೆಸರು ಕೊಟ್ಟರೆ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಗೆ ಡೊಮೈನ್ ನೇಮ್ ಸಿಸ್ಟಂ, ಚಿಕ್ಕದಾಗಿ ಡಿಎನ್‌ಎಸ್ ಎನ್ನುತ್ತಾರೆ. ಅದು ಮಾಡುವ ಕೆಲಸ ಬಹಳ ಸರಳ: ಗೊತ್ತಿಲ್ಲದ್ದನ್ನು ಗೊತ್ತಿರುವವರಲ್ಲಿ ಕೇಳುತ್ತದೆ, ಕೇಳಿದ್ದನ್ನು ಸ್ವಲ್ಪ ಕಾಲ ನೆನಪಿಡುತ್ತದೆ, ಹೇಳಿದ್ದನ್ನು ನಂಬುತ್ತದೆ. ಮನೆಯಲ್ಲಿ ಹೆಸರಿನ ತೊಂದರೆ ಬಂದಾಗ ಈ ಕೇಳುವಿಕೆ, ನೆನಪು, ನಂಬಿಕೆಗಳಲ್ಲಿ ಯಾವುದೋ ಒಂದು ಕೆಟ್ಟಿದೆ ಎಂದೇ ಅರ್ಥ. ಅದು ಹೇಗೆಂದು ತಿಳಿಯಲು ಈ ವ್ಯವಸ್ಥೆ ಹುಟ್ಟಿದ ಕಥೆಯನ್ನು ಸ್ವಲ್ಪ ನೋಡಬೇಕು.

ಒಂದೇ ಕಡತದ ಕಾಲ

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಆರಂಭವಾದ ‘ಅರ್ಪಾನೆಟ್’ ಇಂದಿನ ಇಂಟರ್‌ನೆಟ್‌ನ ಪೂರ್ವಜ. ಆರಂಭದಲ್ಲಿ ಅದಕ್ಕೆ ಸೇರಿದ್ದ ಕಂಪ್ಯೂಟರುಗಳು ಬೆರಳೆಣಿಕೆಯಷ್ಟು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ‘ಹೋಸ್ಟ್ಸ್’ ಎಂಬ ಒಂದೇ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಮಾಹಿತಿ ಕೇಂದ್ರ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರನ್ನು ಸೇರಿಸುವವರು ಆ ಕೇಂದ್ರಕ್ಕೆ ತಿಳಿಸಬೇಕು. ಅಲ್ಲಿಯವರು ಒಂದು ಸಾಲು ಸೇರಿಸಬೇಕು. ಉಳಿದವರೆಲ್ಲ ಆಗಾಗ ಹೊಸ ಪ್ರತಿ ತರಿಸಿಕೊಳ್ಳಬೇಕು. ದೂರವಾಣಿ ಡೈರೆಕ್ಟರಿಯ ಕ್ರಮವೇ ಇಲ್ಲಿಯದೂ.

ಡೈರೆಕ್ಟರಿಯ ದೋಷವೂ ಅದರೊಂದಿಗೇ ಬಂದಿತು. ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ಜಾಲ ಬೆಳೆದಂತೆ ಕಡತ ದಪ್ಪವಾಯಿತು, ಪ್ರತಿಗಳನ್ನು ಕಳಿಸುವುದೇ ಒಂದು ಹೊರೆಯಾಯಿತು. ಇದಕ್ಕೆ ಪರಿಹಾರವಾಗಿ ಬಂದಿದ್ದ ಐದು ಸಲಹೆಗಳನ್ನು ಪರಿಶೀಲಿಸಿ ಒಂದು ದಾರಿ ಹುಡುಕುವ ಕೆಲಸವನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಪೋಸ್ಟೆಲ್ ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ವಹಿಸಿದರು. ಮೊಕಪೆಟ್ರಿಸ್ ಐದನ್ನೂ ಬದಿಗಿಟ್ಟು ಆರನೆಯದನ್ನೇ ರಚಿಸಿದರು. 1983ರ ನವೆಂಬರ್‌ನಲ್ಲಿ ಪ್ರಕಟವಾದ ಆ ವಿನ್ಯಾಸವೇ ಡಿಎನ್‌ಎಸ್.

ಆದರೆ ಹಳೆಯ ಕಡತ ಪೂರ್ತಿ ಸತ್ತಿಲ್ಲ. ಅದರ ವಂಶದ ಕುಡಿಯಾದ ‘ಹೋಸ್ಟ್ಸ್’ ಕಡತ ಇಂದಿಗೂ ಪ್ರತಿಯೊಂದು ಮನೆಯ ಕಂಪ್ಯೂಟರಿನಲ್ಲೂ ಇದೆ. ಸಾಮಾನ್ಯವಾಗಿ ಕಂಪ್ಯೂಟರ್ ಹೊರಗೆ ಯಾರನ್ನಾದರೂ ಕೇಳುವ ಮೊದಲು ಈ ಕಡತದ ಮಾತನ್ನೇ ಕೇಳುತ್ತದೆ. ಜಾಹೀರಾತು ತಡೆಯುವ ತಂತ್ರಾಂಶವೋ ದುಷ್ಟ ತಂತ್ರಾಂಶವೋ ಅದರಲ್ಲಿ ಒಂದು ಸಾಲು ಬರೆದಿಟ್ಟರೆ, ಜಗತ್ತೆಲ್ಲ ಸರಿಯಿದ್ದರೂ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಒಂದು ಪುಟ ತೆರೆಯದೆ ಹೋಗುತ್ತದೆ.

ಬಲದಿಂದ ಎಡಕ್ಕೆ

ಮೊಕಪೆಟ್ರಿಸ್ ವಿನ್ಯಾಸದ ತಿರುಳೆಂದರೆ, ಎಲ್ಲವನ್ನೂ ಬಲ್ಲವರು ಯಾರೂ ಇರಬೇಕಾಗಿಲ್ಲ. ಯಾರನ್ನು ಕೇಳಬೇಕೆಂದು ಬಲ್ಲವರಿದ್ದರೆ ಸಾಕು. ಅಂಚೆ ಕಚೇರಿಯವರು ಲಕೋಟೆಯ ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ: ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಊರು, ಕೊನೆಗೆ ಮನೆ. ಡಿಎನ್‌ಎಸ್ ಹೆಸರನ್ನು ಬಲದಿಂದ ಎಡಕ್ಕೆ ಓದುತ್ತದೆ.

ರಾಜ್ಯ ಸರ್ಕಾರದ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಪುಟವನ್ನು ಯಾರಾದರೂ ಕೇಳಿದರೆಂದುಕೊಳ್ಳೋಣ. ಮನೆಯ ಕಂಪ್ಯೂಟರ್ ತಾನೇ ಊರೂರು ಅಲೆಯುವುದಿಲ್ಲ. ಅದು ರೂಟರನ್ನು ಕೇಳುತ್ತದೆ; ರೂಟರ್ ಸಾಮಾನ್ಯವಾಗಿ ಇಂಟರ್‌ನೆಟ್ ಸೇವೆ ಕೊಡುವ ಕಂಪನಿಯ ಹೆಸರು-ಸರ್ವರನ್ನು ಕೇಳುತ್ತದೆ. ಅಲೆಯುವ ಕೆಲಸ ಆ ಸರ್ವರಿನದು. ಅದು ಮೊದಲು ಬೇರಿನಂತಿರುವ ‘ರೂಟ್’ ಸರ್ವರನ್ನು ವಿಚಾರಿಸುತ್ತದೆ. ‘ಕರ್ನಾಟಕ ನನಗೆ ಗೊತ್ತಿಲ್ಲ, ಇನ್ ಎಂಬುದನ್ನು ನೋಡಿಕೊಳ್ಳುವವರು ಇಂಥಲ್ಲಿದ್ದಾರೆ’ ಎಂಬ ಉತ್ತರ ಬರುತ್ತದೆ. ಅಲ್ಲಿ ಕೇಳಿದರೆ ‘ಗವ್’ ನೋಡಿಕೊಳ್ಳುವವರತ್ತ ಬೆರಳು ತೋರಿಸುತ್ತಾರೆ. ಹೀಗೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತ ಕೊನೆಗೆ ಸಂಖ್ಯೆ ಸಿಗುತ್ತದೆ. ಸಾಮಾನ್ಯವಾಗಿ ಇಷ್ಟೆಲ್ಲ ಮುಗಿಯಲು ಒಂದು ಸೆಕೆಂಡು ಕೂಡ ಬೇಕಾಗುವುದಿಲ್ಲ.

ರೂಟ್ ಸರ್ವರುಗಳ ಹೆಸರುಗಳು 13, ಇಂಗ್ಲಿಷಿನ ‘ಎ’ಯಿಂದ ‘ಎಂ’ವರೆಗೆ. ಅಂದಿನ ನಿಯಮದಂತೆ 512 ಬೈಟುಗಳ ಒಂದೇ ಉತ್ತರದಲ್ಲಿ ಎಲ್ಲ ಹೆಸರುಗಳೂ ಹಿಡಿಸಬೇಕಾಗಿದ್ದುದೇ ಈ ಸಂಖ್ಯೆಗೆ ಕಾರಣ. ಆ 13 ಹೆಸರುಗಳ ಹಿಂದೆ ಇಂದು ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ಯಂತ್ರಗಳಿವೆ. ಬಹುಕಾಲ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲದ್ದಾಗಿದ್ದ ಈ ರೂಟ್‌ನ ಪಟ್ಟಿಯಲ್ಲಿ ಈಗ ಕನ್ನಡ ಲಿಪಿಯ ‘ಭಾರತ’ ಎಂಬ ಹೆಸರೂ ಸೇರಿದೆ.

ತೊಂದರೆ ಎಲ್ಲಿ?

ಈ ಸರಪಳಿ ಎಲ್ಲಿ ಕಡಿದಿದೆ ಎಂದು ಹುಡುಕುವುದೇ ಮನೆಯಲ್ಲಿ ಮಾಡಬೇಕಾದ ಕೆಲಸ. ಮೊದಲ ಪರೀಕ್ಷೆ, ಹೆಸರನ್ನು ಬಿಟ್ಟು ಸಂಖ್ಯೆಯಿಂದ ಕರೆದು ನೋಡುವುದು. ಕಂಪ್ಯೂಟರಿನ ಆಜ್ಞೆ ಬರೆಯುವ ಕಿಟಕಿಯಲ್ಲಿ ‘ಪಿಂಗ್’ ಎಂದು ಬರೆದು 8.8.8.8 ಎಂಬ ಸಂಖ್ಯೆ ಕೊಟ್ಟರೆ ಗೂಗಲ್ ಕಂಪನಿಯ ಸರ್ವರಿನಿಂದ ಓಗೊಡುವ ಉತ್ತರ ಬರಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ರಸ್ತೆ ಸರಿಯಿದೆ, ಕೆಟ್ಟಿರುವುದು ಹೆಸರಿನ ವ್ಯವಸ್ಥೆ ಎಂದು ತಿಳಿಯಬಹುದು.

ಎರಡನೆಯದು, ತೊಂದರೆ ಒಬ್ಬರದೋ ಎಲ್ಲರದೋ ಎಂದು ನೋಡುವುದು. ಒಂದೇ ಕಂಪ್ಯೂಟರಿಗೆ ತೊಂದರೆಯಿದ್ದರೆ ಕಾರಣ ಅದರೊಳಗೇ ಇದೆ. ಮನೆಯ ಎಲ್ಲ ಯಂತ್ರಗಳಿಗೂ ಇದ್ದರೆ ರೂಟರನ್ನೋ ಸೇವೆ ಕೊಡುವ ಕಂಪನಿಯನ್ನೋ ಅನುಮಾನಿಸಬೇಕು. ಉಳಿದೆಲ್ಲ ಪುಟಗಳು ತೆರೆದು ಒಂದೇ ಪುಟ ಎಲ್ಲ ಯಂತ್ರಗಳಲ್ಲೂ ಹಟ ಹಿಡಿದರೆ ದೋಷ ಬಹುಪಾಲು ಆ ಹೆಸರಿನ ಒಡೆಯರದು. ಮೊಬೈಲ್ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಅದೇ ಪುಟವನ್ನು ತೆರೆದು ನೋಡಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಏಕೆಂದರೆ ಆಗ ಸಾಮಾನ್ಯವಾಗಿ ಕೇಳುವ ಸರ್ವರೇ ಬೇರೆ.

ಮೂರನೆಯದು, ‘ಇಲ್ಲ’ ಎಂಬ ಉತ್ತರಕ್ಕೂ ಉತ್ತರವೇ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ. ‘ಎನ್‌ಎಸ್‌ಲುಕಪ್’ ಎಂಬ ಆಜ್ಞೆಯಿಂದ ಹೆಸರು-ಸರ್ವರನ್ನು ನೇರವಾಗಿ ಪ್ರಶ್ನಿಸಬಹುದು. ‘ಅಂಥ ಹೆಸರಿಲ್ಲ’ ಎಂದು ಬಂದರೆ ಯಾರೋ ಉತ್ತರಿಸುತ್ತಿದ್ದಾರೆ. ಕಾಗುಣಿತ ತಪ್ಪಿರಬಹುದು, ಅಥವಾ ಹೆಸರಿನ ನೋಂದಣಿಯ ಅವಧಿ ಮುಗಿದಿರಬಹುದು. ಕಾದು ಕಾದು ‘ಸಮಯ ಮೀರಿತು’ ಎಂದು ಬಂದರೆ ಕೇಳಿಸಿಕೊಳ್ಳುವವರೇ ಅಲ್ಲಿಲ್ಲ. ಅದೇ ಪ್ರಶ್ನೆಯನ್ನು ಬೇರೊಂದು ಸರ್ವರಿಗೆ ಕೇಳಿ ಸರಿಯಾದ ಉತ್ತರ ಬಂದರೆ ಕಳ್ಳ ಸಿಕ್ಕಿದಂತೆಯೇ.

2021ರ ಅಕ್ಟೋಬರ್ 4ರಂದು, ಭಾರತದಲ್ಲಿ ರಾತ್ರಿ 9 ಗಂಟೆ ಕಳೆದ ಮೇಲೆ, ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತು ಸುಮಾರು ಆರು ಗಂಟೆ ಕಾಲ ಜಗತ್ತಿಗೇ ಸಿಗದಾದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಆ ಕಂಪನಿಯ ಒಳಜಾಲ ಕಡಿದು, ಅದರ ಹೆಸರು-ಸರ್ವರುಗಳನ್ನು ತಲುಪುವ ದಾರಿಗಳು ಅಳಿಸಿಹೋಗಿದ್ದವು. ಆ ಸರ್ವರುಗಳು ಚಾಲೂ ಇದ್ದವು, ಆದರೆ ಅವನ್ನು ಕೇಳಲು ಯಾರಿಗೂ ಸಾಧ್ಯವಿರಲಿಲ್ಲ. ಅಂಥ ರಾತ್ರಿ ಮನೆಯ ರೂಟರನ್ನು ಎಷ್ಟು ಸಲ ಆರಿಸಿ ಹೊತ್ತಿಸಿದರೂ ಫಲವಿಲ್ಲ.

ಹಳೆಯ ನೆನಪು

ಹಾಗೆಂದು ಆರಿಸಿ ಹೊತ್ತಿಸುವುದು ಮೂಢನಂಬಿಕೆಯೇನೂ ಅಲ್ಲ. ಪ್ರತಿ ಸಲವೂ ರೂಟ್‌ನಿಂದ ಕೇಳುತ್ತ ಬಂದರೆ ಜಾಲ ಕುಸಿಯುತ್ತದೆ. ಆದ್ದರಿಂದ ಪ್ರತಿ ಉತ್ತರದೊಂದಿಗೆ ‘ಇದನ್ನು ಇಷ್ಟು ಸೆಕೆಂಡು ನೆನಪಿಡಬಹುದು’ ಎಂಬ ಅವಧಿಯೂ ಬರುತ್ತದೆ. 300 ಎಂದಿದ್ದರೆ ಐದು ನಿಮಿಷ. 86,400 ಎಂದಿದ್ದರೆ ಒಂದು ದಿನ. ಈ ನಡುವೆ ಆ ಪುಟ ಬೇರೆ ಯಂತ್ರಕ್ಕೆ ಸ್ಥಳಾಂತರಗೊಂಡರೆ, ನೆನಪಿಟ್ಟವರೆಲ್ಲ ಖಾಲಿ ಮಾಡಿದ ಮನೆಯ ಬಾಗಿಲು ತಟ್ಟುತ್ತಿರುತ್ತಾರೆ. ‘ಇಲ್ಲ’ ಎಂಬ ಉತ್ತರವನ್ನೂ ಹೀಗೆಯೇ ನೆನಪಿಡಲಾಗುತ್ತದೆ.

ರೂಟರನ್ನು ಆರಿಸಿದಾಗ ಅದರ ನೆನಪು ಅಳಿಯುತ್ತದೆ, ಹೊತ್ತಿಸಿದಾಗ ಹೊಸದಾಗಿ ಕೇಳುತ್ತದೆ. ಕಂಪ್ಯೂಟರಿಗೂ ತನ್ನದೇ ನೆನಪಿದೆ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಎಂಬ ಆಜ್ಞೆ ಅದನ್ನು ಒರೆಸಿಹಾಕುತ್ತದೆ. ಸೇವೆ ಕೊಡುವ ಕಂಪನಿಯ ಸರ್ವರಿನ ನೆನಪನ್ನು ಮಾತ್ರ ಮನೆಯಿಂದ ಅಳಿಸಲಾಗದು. ಅಲ್ಲಿ ಕಾಯುವುದೊಂದೇ ದಾರಿ. ಇನ್ನು ಕೆಲವು ಬ್ರೌಸರುಗಳು ಕಂಪ್ಯೂಟರಿನ ವ್ಯವಸ್ಥೆಯನ್ನು ಬದಿಗಿಟ್ಟು ತಮಗೆ ಬೇಕಾದ ಸರ್ವರನ್ನೇ ಗುಟ್ಟಾಗಿ ಕೇಳುವುದುಂಟು. ಬ್ರೌಸರಿನಲ್ಲಿ ಪುಟ ತೆರೆದು ಉಳಿದ ತಂತ್ರಾಂಶಗಳು ಮೌನವಾಗಿದ್ದರೆ ಈ ಸಂಗತಿ ನೆನಪಾಗಬೇಕು.

ಸುಳ್ಳು ಹೇಳಿದರೆ?

ಉತ್ತರ ಸಿಗದಿದ್ದರೆ ಆಗುವುದು ಕಿರಿಕಿರಿ. ತಪ್ಪು ಉತ್ತರ ಸಿಕ್ಕರೆ ಅನಾಹುತ. 1983ರ ವಿನ್ಯಾಸಕಾರರಿಗೆ ಜಾಲದಲ್ಲಿದ್ದವರೆಲ್ಲ ಪರಿಚಿತರೇ. ಆದ್ದರಿಂದ ಹೇಳಿದವರನ್ನು ನಂಬುವುದೇ ನಿಯಮವಾಯಿತು. ಈ ನಂಬಿಕೆಯನ್ನು ಬಂಡವಾಳ ಮಾಡಿಕೊಂಡದ್ದು ‘ಡಿಎನ್‌ಎಸ್ ಚೇಂಜರ್’ ಎಂಬ ದುಷ್ಟ ತಂತ್ರಾಂಶ. 2007ರಿಂದ ಹರಡಿದ ಅದು ಕಡತಗಳನ್ನು ಕೆಡಿಸಲಿಲ್ಲ, ಪರದೆಯನ್ನು ಕಪ್ಪಾಗಿಸಲಿಲ್ಲ. ಯಾವ ಹೆಸರು-ಸರ್ವರನ್ನು ಕೇಳಬೇಕು ಎಂಬ ಸಂಖ್ಯೆಯನ್ನು ಸದ್ದಿಲ್ಲದೆ ಬದಲಿಸಿತು. ತಯಾರಕರು ಕೊಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ರೂಟರುಗಳಿಗೂ ಕೈ ಹಾಕಿತು. ಅಲ್ಲಿಂದ ಮುಂದೆ ಆ ಮನೆಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವರು ವಂಚಕರು.

2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಜಾಲವನ್ನು ಭೇದಿಸಿದಾಗ, ನೂರರಷ್ಟು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳು ಸೋಂಕಿಗೆ ಒಳಗಾಗಿದ್ದವೆಂದು ತಿಳಿಸಿತು. ಆಗ ಒಂದು ವಿಚಿತ್ರ ಸಂದಿಗ್ಧ ಎದುರಾಯಿತು. ವಂಚಕರ ಸರ್ವರುಗಳನ್ನು ಆರಿಸಿದರೆ, ಅವನ್ನೇ ನಂಬಿದ್ದ ಲಕ್ಷಾಂತರ ಮನೆಗಳಿಗೆ ಇಂಟರ್‌ನೆಟ್ ಇಲ್ಲದಂತಾಗುತ್ತದೆ. ನ್ಯಾಯಾಲಯದ ಆದೇಶದಂತೆ ಅವುಗಳ ಜಾಗದಲ್ಲಿ ಪ್ರಾಮಾಣಿಕ ಸರ್ವರುಗಳನ್ನಿಟ್ಟು, 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಆ ದಿನ ಅವು ನಿಂತಾಗ, ಅಷ್ಟರಲ್ಲೂ ಸರಿಪಡಿಸಿಕೊಳ್ಳದಿದ್ದವರ ಹೆಸರು ಹುಡುಕುವ ದಾರಿ ಮುಚ್ಚಿತು.

ಉತ್ತರಗಳಿಗೆ ಸಹಿ ಹಾಕಿ ಸಾಚಾತನ ತೋರಿಸುವ ಪದ್ಧತಿ ರೂಟ್ ಮಟ್ಟದಲ್ಲಿ ಜಾರಿಗೆ ಬಂದದ್ದು 2010ರ ಜುಲೈನಲ್ಲಿ. ಆದರೆ ಎಲ್ಲ ಹೆಸರುಗಳಿಗೂ ಆ ಸಹಿಯಿಲ್ಲ. ಹೀಗಾಗಿ ಬ್ಯಾಂಕಿನ ಪುಟ ತೆರೆಯುವಾಗ ಬ್ರೌಸರ್ ಎಚ್ಚರಿಕೆ ತೋರಿಸಿದರೆ ಅದನ್ನು ಒತ್ತಿ ಮುಂದೆ ಸಾಗುವುದು ಅಪಾಯ. ಅದು ತಪ್ಪು ಮನೆಯ ಬಾಗಿಲಾಗಿರಬಹುದು.

ಯಾರನ್ನು ಕೇಳಬೇಕು?

2014ರ ಮಾರ್ಚ್‌ನಲ್ಲಿ ಟರ್ಕಿ ಸರ್ಕಾರ ಟ್ವಿಟ್ಟರನ್ನು ನಿಷೇಧಿಸಿತು. ಅಲ್ಲಿನ ಕಂಪನಿಗಳ ಹೆಸರು-ಸರ್ವರುಗಳು ಸರಿಯಾದ ಉತ್ತರ ಕೊಡುವುದನ್ನು ನಿಲ್ಲಿಸಿದವು. ಆಗ ಇಸ್ತಾಂಬುಲ್‌ನ ಗೋಡೆಗಳ ಮೇಲೆ 8.8.8.8 ಎಂಬ ಬರಹ ಕಾಣಿಸಿಕೊಂಡಿತು. ‘ಇವರನ್ನು ಕೇಳಬೇಡಿ, ಅವರನ್ನು ಕೇಳಿ’ ಎಂಬುದೇ ಅದರ ಅರ್ಥ. ಕೆಲವೇ ದಿನಗಳಲ್ಲಿ ಆ ಸಂಖ್ಯೆಗೆ ಹೋಗುವ ಪ್ರಶ್ನೆಗಳನ್ನೂ ದಾರಿಯಲ್ಲೇ ತಡೆದು ಬೇರೆ ಉತ್ತರ ಕೊಡಲಾಗುತ್ತಿದೆ ಎಂದು ಗೂಗಲ್ ದೂರಿತು.

ಹೆಸರು-ಸರ್ವರನ್ನು ಬದಲಿಸುವುದು ಮನೆಯ ತೊಂದರೆಗೂ ಒಳ್ಳೆಯ ಮದ್ದು. ಆದರೆ ಯಾರನ್ನು ಕೇಳುತ್ತೇವೆಯೋ ಅವರಿಗೆ ಮನೆಯವರು ಯಾವ ಯಾವ ಹೆಸರು ಕೇಳಿದರೆಂಬುದೂ ತಿಳಿಯುತ್ತದೆ. ಆಯ್ಕೆ ಯೋಚಿಸಿ ಮಾಡಬೇಕಾದದ್ದು.

ಇದಕ್ಕೆ ಒಳ್ಳೆಯ ಸಮಯ, ಎಲ್ಲವೂ ಸರಿಯಿರುವ ದಿನ. ರೂಟರಿನ ಗುಪ್ತಪದ ಬದಲಿಸಿ, ಅದರಲ್ಲಿ ಡಿಎನ್‌ಎಸ್ ಎಂಬುದರ ಎದುರು ಇರುವ ಸಂಖ್ಯೆಗಳು ಯಾರವೆಂದು ತಿಳಿದುಕೊಂಡು, ಬದಲಿ ಸರ್ವರಿನ ಸಂಖ್ಯೆಯೊಂದಿಗೆ ಅವನ್ನು ಒಂದು ಕಾಗದದಲ್ಲಿ ಬರೆದು ರೂಟರಿನ ಪಕ್ಕ ಇಟ್ಟುಕೊಳ್ಳುವುದು ಕ್ಷೇಮ. ವಿಳಾಸ ಹೇಳುವವರು ಕೈಕೊಟ್ಟ ದಿನ ಪರಿಹಾರವನ್ನು ಅದೇ ಇಂಟರ್‌ನೆಟ್‌ನಲ್ಲಿ ಹುಡುಕಲು ಆಗುವುದಿಲ್ಲ.